ಔಷಧ ಬಳ್ಳಿಗೆ ಔಷಧ ಯಾಕ್ರಿ?

ಮೊನ್ನೆ ಮುಂಜಾನೆ ಹಿತ್ತಲದಾಗ ಕಸಾ ಹೊಡಿಯಾಕತ್ತಿದ್ದೆ. ಪೇರಲ ಗಿಡದ ಬುಡಕ್ಕ ಒಂದು ಕಂದು ಬಣ್ಣದ ಒಣಾ ಎಲಿ ಬಿದ್ದಿತ್ತು. ಕಸಬರಗಿ ತಾಗಿಸಿದ್ದ ತಡ, ಎಲಿ ಹಾರೇಬಿಡ್ತು! ಒಳಗಿನ ರೆಕ್ಕಿ ನೋಡಿದ್ರ ಕಿತ್ತಳಿ ಬಣ್ಣ, ಅದರ ಮ್ಯಾಲ ಕರೀ ಮಚ್ಚಿ. ಎದಿ ಝಲ್ಲಂತು.

ಎದುರಮನಿ ಹುಡುಗಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಓದತಾಳ. ಆಕಿಗೆ ಹೇಳಿದೆ. "ಚಿಗವ್ವ, ಅದು ಹಣ್ಣಿನ ರಸ ಹೀರೋ ಪತಂಗ, ಯುಡೋಸಿಮಾ ಅಂತಾರ" ಅಂದ್ಲು. ಹಗಲೆಲ್ಲಾ ಒಣಾ ಎಲಿಹಂಗ ಸುಮ್ಮನ ಕುಂತಿರತದ. ರಾತ್ರಿ ಎದ್ದು ಪೇರಲ, ದಾಳಿಂಬರಿ, ಕಿತ್ತಳಿ ಹಣ್ಣಿಗೆ ತೂತು ಹಾಕತೈತಿ. ಉಳಿದ ಪತಂಗಗಳ ಸೊಂಡಿ ಮೆತ್ತಗ, ಇದರದು ಗಟ್ಟಿ, ಚೂಪು. ಆ ತೂತಿನಿಂದ ಹಣ್ಣು ಕೊಳತು ಉದರತೈತಿ. ನವಲೂರ ಕಡೆ ಪೇರಲ ತೋಟ ಮಾಡಿದವ್ರಿಗೆ ಇಂಥಾ ಹುಳ ಅಂದ್ರ ಹೊಟ್ಟಿ ಉರಿಯೋದು ಖರೇನ.

ಆದ್ರ ಇದರ ಮರಿ ಹಣ್ಣು ಮುಟ್ಟೂದಿಲ್ಲ. ಅದು ತಿನ್ನೋದು ಅಮೃತಬಳ್ಳಿ ಮತ್ತ ಅದರ ಜಾತಿ ಬಳ್ಳಿಗಳ ಎಲಿ. ಮೈಮ್ಯಾಲ ಕಣ್ಣಿನಂಥಾ ಬೊಟ್ಟು ಇರತಾವ, ಅಂಜಿಸಾಕ.

ಅದನ್ನ ಕೇಳಿ ನನಗ ಹೋದ ವರ್ಷದ್ದು ನೆನಪಾತು. 2020ರಾಗ ಕೊರೋನಾ ಬಂದಾಗ ಎಲ್ಲಾರಹಂಗ ನಾನೂ ಅಮೃತಬಳ್ಳಿ ಹಚ್ಚಿದೆ. ಹೋದ ವರ್ಷ ಅದಕ್ಕ ಹುಳ ಬಿದ್ದು ಎಲಿ ಜಾಳಗಿ ಆಗಿದ್ವು. ಸಿಟ್ಟಿಗೆದ್ದು ಅಂಗಡಿಯಿಂದ ಎಣ್ಣಿ ತಂದು ಹೊಡದೆ. ನಾಕು ದಿನಕ್ಕ ನಮ್ಮ ಮನಿಯವ್ರಿಗೆ ಜ್ವರ ಬಂತು. ಕಷಾಯಕ್ಕಂತ ಕತ್ತರಿ ತಗೊಂಡು ಬಳ್ಳಿಗೆ ಕೈ ಹಚ್ಚಿದೆ, ಕೈ ಅಲ್ಲೇ ನಿಂತು ಬಿಡ್ತು. ವಿಷಾ ಹೊಡದಿದ್ದ ಬಳ್ಳೀನ ಕುದಿಸಿ ಗಂಡಗ ಕುಡಿಸಾಕ ಹೊಂಟಿದ್ದೆನಲ್ರಿ!

ಅದಕ್ಕ ನಾ ಹೇಳೋದು ಇಷ್ಟ. ತಿನ್ನೋ, ಕುದಿಸಿ ಕುಡಿಯೋ ಗಿಡಕ್ಕ ಎಣ್ಣಿ ಹೊಡಿಬ್ಯಾಡ್ರಿ. ಹುಳ ಭಾಳ ಆದ್ರ ಕೈಲೆ ಆರಿಸಿ ತಗೀರಿ. ಬಳ್ಳಿ ಮತ್ತ ಚಿಗರತೈತಿ. ಪೇರಲಕಾಯಿ ಬಲಿಯೂದ್ರಾಗ ಹಳೀ ಅರಿವಿ ಚೀಲಾ ಕಟ್ರಿ, ಉದರಿದ ಕೊಳತ ಹಣ್ಣು ದಿನಾ ಆರಿಸಿ ಹುಗೀರಿ. ರಾತ್ರಿ ಹಾರಿ ಬಂದು ಹೋಗೋ ಹುಳಕ್ಕ ಹಗಲಿ ಎಣ್ಣಿ ಹೊಡದ್ರ ಅದಕ್ಕೇನಾಗೂದೈತಿ? ಹಣ್ಣು ತಿನ್ನೋ ನಮ್ಮ ಹೊಟ್ಟಿಗೇ ಬರೋದು.

ಈ ಸಲ ನಾಕು ಎಲಿ ಹುಳಕ್ಕ ಬಿಟ್ಟೇನಿ. ಉಳಿದದ್ದು ನಮಗ ಸಾಕಷ್ಟಾಗೇತಿ. ಯಾರಿಗರ ಕಡ್ಡಿ ಬೇಕಾದ್ರ ಬರ್ರಿ, ಕೊಡತೀನಿ. ಎಣ್ಣಿ ಹೊಡದಿಲ್ಲ, ಧೈರ್ಯಲೇ ಒಯ್ಯಿರಿ.