ಗುಮಾಸ್ತನ ಕುರ್ಚಿ, ಸಾಹುಕಾರನ ಅಭಿರುಚಿ

ಹೊಸ ಮನೆಗಳ ಬಣ್ಣದ ಚಿತ್ರ ಅಚ್ಚು ಮಾಡುವ ನುಣುಪು ಕಾಗದದ ಪತ್ರಿಕೆಗಳು ಈಗ ದಂತವೈದ್ಯರ ಕೊಠಡಿಯಿಂದ ಹಿಡಿದು ಟೈಲ್ಸ್ ಅಂಗಡಿಯವರೆಗೆ ಎಲ್ಲೆಡೆ ಬಿದ್ದಿರುತ್ತವೆ. ಪುಟ ತಿರುವಿದರೆ ಒಂದೇ ಮನೆಯನ್ನು ಹತ್ತು ಊರುಗಳಲ್ಲಿ ಕಟ್ಟಿದಂತೆ ಕಾಣುತ್ತದೆ. ಗಿಲಾವು ಮಾಡದೆ ಬಿಟ್ಟ ಇಟ್ಟಿಗೆಯ ಗೋಡೆ, ಯಾರದೋ ಹಳೆಯ ಮನೆಯಿಂದ ಕಿತ್ತು ತಂದ ತೇಗದ ಕಂಬ, ಬೆತ್ತ ಹೆಣೆದ ಕುರ್ಚಿ, ಮೂಲೆಯಲ್ಲೊಂದು ತಾಮ್ರದ ಹಂಡೆ. ಹಂಡೆಯಲ್ಲಿ ನೀರಿಲ್ಲ, ಗಿಡ ಇದೆ. ಮನೆಯಲ್ಲಿ ಮನುಷ್ಯರೂ ಇಲ್ಲ. ಇದನ್ನು ನೋಡಿ ಸ್ಫೂರ್ತಿ ಪಡೆಯುವ ವಿನ್ಯಾಸಪ್ರಿಯರ ಒಂದು ವರ್ಗವೇ ನಮ್ಮ ನಗರಗಳಲ್ಲಿ ಬೆಳೆದಿದೆ. ಕೈಯಲ್ಲಿ ಕಾಸಿರುವ, ಓದಿಕೊಂಡ, ಪರಿಸರದ ಬಗ್ಗೆ ಕಾಳಜಿಯಿಂದ ಮಾತಾಡುವ ಜನ ಇವರು.

ನನ್ನ ತಕರಾರು ಚಂದದ ಮೇಲಲ್ಲ. ಚಂದದ ಮನೆ ಕಟ್ಟಿಸಿಕೊಳ್ಳುವುದು ಪಾಪವೇನೂ ಅಲ್ಲ. ತಕರಾರಿರುವುದು ಈ ಚಂದದ ವಂಶಾವಳಿಯ ಬಗ್ಗೆ. ಪುಟಗಳಲ್ಲಿ ಮೆರೆಯುವ ಈ ವಿನ್ಯಾಸಗಳಲ್ಲಿ ಬಹಳಷ್ಟು ಹುಟ್ಟಿದ್ದು ಸಾಮಾನ್ಯ ಜನರಿಗಾಗಿ, ಕಡಿಮೆ ಖರ್ಚಿಗಾಗಿ. ಹುಟ್ಟಿಸಿದವರ ಹೆಸರನ್ನು ಇವರು ಭಕ್ತಿಯಿಂದಲೇ ಹೇಳುತ್ತಾರೆ. ಯಾರಿಗಾಗಿ ಹುಟ್ಟಿತೋ ಅವರ ಪಾಲಿಗೆ ಮಾತ್ರ ಅದು ಬಂದಿಲ್ಲ.

ಸೋಫಾವನ್ನೇ ತೆಗೆದುಕೊಳ್ಳಿ. ಅರಬಿಯ ‘ಸುಫ್ಫಾ’ ಎಂಬ ಪದ ಯುರೋಪಿನ ಭಾಷೆಗಳನ್ನೆಲ್ಲ ಸುತ್ತಿಕೊಂಡು ನಮ್ಮ ಷೋರೂಮಿಗೆ ಬಂದಿದೆ. ಸುಫ್ಫಾ ಎಂದರೆ ಜಗಲಿ. ಮದೀನಾದಲ್ಲಿ ಪ್ರವಾದಿಯವರ ಮಸೀದಿಗೆ ಸೇರಿದಂತೆ ಅಂಥದೊಂದು ಜಗಲಿ ಇತ್ತು. ಎಲ್ಲ ಬಿಟ್ಟು ವಲಸೆ ಬಂದ, ಮನೆಮಠ ಇಲ್ಲದ ಬಡವರು ಅಲ್ಲಿಯೇ ಮಲಗುತ್ತಿದ್ದರು, ಅಲ್ಲಿಯೇ ಕಲಿಯುತ್ತಿದ್ದರು. ಅವರಿಗೆ ‘ಅಸ್ಹಾಬೆ ಸುಫ್ಫಾ’, ಜಗಲಿಯ ಸಂಗಾತಿಗಳು ಎಂದೇ ಹೆಸರು. ನಿರ್ಗತಿಕರು ಮೈಚೆಲ್ಲಿದ ಜಗಲಿಯ ಹೆಸರು ಇಂದು ಪ್ಲಾಸ್ಟಿಕ್ ಹಾಳೆ ತೆಗೆಯದೆ ನೆಂಟರಿಗಾಗಿ ಕಾದಿಟ್ಟ ಆಸನಕ್ಕೆ ಸಂದಿದೆ. (ಗಾಲಿಬ್ ಸಾಹೇಬರ ಕವಿತೆಗಳ ಸಂಪುಟವೂ ದೀವಾನ್, ಅಂಗಡಿಯಲ್ಲಿ ಕಂತಿನ ಮೇಲೆ ಸಿಗುವ ಮಂಚವೂ ದೀವಾನ್. ಆ ಕತೆ ಇನ್ನೊಮ್ಮೆ.)

ಪದಗಳಿಗೆ ಹೀಗಾಗಲು ಸಾವಿರ ವರ್ಷ ಬೇಕು. ವಸ್ತುಗಳಿಗೆ ನಮ್ಮ ಕಾಲದಲ್ಲಿ ಐವತ್ತು ವರ್ಷ ಸಾಕು. ಚಂಡೀಗಢದ ಕುರ್ಚಿಯ ಕತೆ ಇದಕ್ಕೆ ಸಾಕ್ಷಿ. ಪಂಜಾಬಿಗೆ ಹೊಸ ರಾಜಧಾನಿ ಕಟ್ಟಲು ನೆಹರೂ ಕಾಲದಲ್ಲಿ ಲ ಕಾರ್ಬೂಸಿಯೇ ಬಂದಾಗ, ಅವರ ಸೋದರಸಂಬಂಧಿ ಪಿಯರ್ ಜಾನೆರೇ ಕೂಡ ಬಂದರು. ದೊಡ್ಡವರು ಬಂದು ಹೋಗುತ್ತಿದ್ದರು. ಜಾನೆರೇ 1951ರಿಂದ 1965ರವರೆಗೆ ಅಲ್ಲೇ ಉಳಿದರು. ಹೊಸ ನಗರದ ಕಚೇರಿ, ಕೋರ್ಟು, ವಿಶ್ವವಿದ್ಯಾಲಯಗಳಿಗೆ ಸಾವಿರಾರು ಕುರ್ಚಿ ಮೇಜುಗಳು ಬೇಕಿದ್ದವು. ಜಾನೆರೇ, ಅವರ ಜೊತೆ ಯೂಲಿ ಚೌಧರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳು ಸೇರಿ ತೇಗ ಮತ್ತು ಬೆತ್ತದಲ್ಲಿ ಮಾದರಿಗಳನ್ನು ಮಾಡಿದರು. ತಲೆಕೆಳಗಾದ ‘ವಿ’ ಆಕಾರದ ಕಾಲು, ಗಾಳಿಯಾಡುವ ಬೆತ್ತದ ಬೆನ್ನು. ಅಲ್ಲಿನ ಬಡಗಿಗಳು ತಮ್ಮ ಉಳಿ ಬಾಚಿಗಳಲ್ಲೇ ಮಾಡಬಹುದಾದ ಸರಳ ಕೆಲಸ. ಕೂತವರು ಗುಮಾಸ್ತರು, ಟೈಪಿಸ್ಟರು, ವಿದ್ಯಾರ್ಥಿಗಳು.

ಮುಂದೆ ಬೆತ್ತ ಹರಿಯಿತು. ರಿಪೇರಿ ಮಾಡಿಸುವ ಬದಲು ಕಚೇರಿಗಳು ಅವನ್ನು ತಾರಸಿಯ ಮೇಲೆ ಒಟ್ಟಿದವು, ಗುಜರಿ ಹರಾಜಿನಲ್ಲಿ ಬಿಡಿಗಾಸಿಗೆ ಮಾರಿದವು. ಫ್ರಾನ್ಸಿನ ವ್ಯಾಪಾರಿಗಳು ಕೊಂಡೊಯ್ದು ಹೊಳಪು ಕೊಟ್ಟರು. ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಹರಾಜುಗಳಲ್ಲಿ ಅವು ಲಕ್ಷಾಂತರ ರೂಪಾಯಿ ಬಾಳತೊಡಗಿದವು. ಬೆನ್ನಿನ ಮೇಲೆ ಸರ್ಕಾರಿ ಇಲಾಖೆಯವರು ಬಣ್ಣದಲ್ಲಿ ಬರೆದ ದಾಸ್ತಾನು ಸಂಖ್ಯೆ ಇದ್ದರೆ ಇನ್ನೂ ಬೆಲೆ ಹೆಚ್ಚು. ಅಮೆರಿಕದ ಕಲಾವಿದೆ ಏಮಿ ಸೀಗೆಲ್ 2013ರಲ್ಲಿ ‘ಪ್ರಾವಿನನ್ಸ್’ ಎಂಬ ಚಲನಚಿತ್ರದಲ್ಲಿ ಈ ಪ್ರಯಾಣವನ್ನು ಹಿಂದುಮುಂದಾಗಿ ತೋರಿಸಿದರು. ಪಶ್ಚಿಮದ ಶ್ರೀಮಂತರ ಮನೆಯಿಂದ ಶುರುವಾಗಿ, ಹರಾಜುಕಟ್ಟೆ, ರಿಪೇರಿ ಕೋಣೆ, ಹಡಗುಗಳ ಮೂಲಕ ಅದು ಚಂಡೀಗಢದ ಕಚೇರಿಗೆ ಬಂದು ನಿಲ್ಲುತ್ತದೆ. ಆಮೇಲೆ ಆ ಚಿತ್ರವನ್ನೂ ಅವರು ಹರಾಜಿಗೇ ಹಾಕಿದರು!

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪೀಠೋಪಕರಣಗಳ ಮಾರಾಟಕ್ಕೆ, ಸಾಗಣೆಗೆ ತಡೆ ಹಾಕಿತು. ತಡೆಯಿತೋ ಇಲ್ಲವೋ ಬೇರೆ ಮಾತು. ಈಗ ಅದೇ ನಮೂನೆಯ ಕುರ್ಚಿಯ ನಕಲು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ವಿದೇಶದಲ್ಲಿ ಮೆಚ್ಚಿದ್ದರಿಂದ ಇಲ್ಲಿಯೂ ಮೆಚ್ಚಿಗೆಯಾಗಿ. ಕುರ್ಚಿ ಕಳ್ಳತನವಾಯಿತೆಂದು ಅಳುವವರೊಂದಿಗೆ ನಾನೂ ಅಳಬಲ್ಲೆ. ಆದರೆ ಹರಿದ ಬೆತ್ತವನ್ನು ಮರಳಿ ಹೆಣೆಯುವವರು ಆ ಊರಿನಲ್ಲೇ ಇದ್ದರಲ್ಲ, ಅವರನ್ನು ಕರೆದು ನಾಲ್ಕು ದಿನ ಕೆಲಸ ಕೊಡಲು ಒಂದು ಸರ್ಕಾರಕ್ಕೆ ಮನಸ್ಸಾಗಲಿಲ್ಲ ಎಂಬುದು ನನಗೆ ಕಳ್ಳತನಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನಮ್ಮಲ್ಲೂ ಹೀಗೇ. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಪಿಂಜಾರರ ಕಸುಬು ಫೋಮ್ ಹಾಸಿಗೆಯ ಕೆಳಗೆ ಸಿಕ್ಕಿ ಉಸಿರು ಬಿಟ್ಟಿತು. ಈಗ ಬೆನ್ನು ನೋವಿಗೆ ಹತ್ತಿಯ ಹಾಸಿಗೆ ಒಳ್ಳೆಯದೆಂದು ನಂಬಿ, ಜಪಾನಿನ ‘ಫ್ಯೂಟಾನ್’ ಹುಡುಕುತ್ತಿದ್ದಾರೆ. ಅದು ಹತ್ತಿ ತುಂಬಿದ ಗಾದಿಯೇ, ಮಾರಾಯರೆ!

ಇನ್ನು ಗೋಡೆಗೆ ಬರೋಣ. ಗಿಲಾವು ಇಲ್ಲದ ಇಟ್ಟಿಗೆ ಗೋಡೆಯನ್ನು ನಮ್ಮ ಕಡೆ ಮಾನವಂತವಾಗಿ ಮಾಡಿದವರು ಲಾರಿ ಬೇಕರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ, ಭಾರತಕ್ಕೆ ಬಂದು ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಮನೆ ಕಟ್ಟುವ ಸಾಮಗ್ರಿ ಐದು ಮೈಲಿಯೊಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಅವರು ಅಕ್ಷರಶಃ ನಂಬಿದ್ದರು. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ‘ರ್‍ಯಾಟ್ ಟ್ರ್ಯಾಪ್’ ಎಂಬ ಕ್ರಮದಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನ ಗಾಳಿಯಿಂದ ಒಳಗೆ ತಂಪು. ತಾರಸಿಯ ಕಾಂಕ್ರೀಟಿನಲ್ಲಿ ಭಾರ ಹೊರದ ಕೆಳಭಾಗದಲ್ಲಿ ಮಂಗಳೂರು ಹೆಂಚುಗಳನ್ನು ಇಟ್ಟರೆ ಸಿಮೆಂಟೂ ಕಬ್ಬಿಣವೂ ಮಿಗುತ್ತವೆ. ಹೆಂಚು ಒಡೆದಿದ್ದರೂ ನಡೆಯುತ್ತದೆ. ಪೂಂತುರದ ಮೀನುಗಾರರಿಗೂ ಅವರು ಮನೆ ಕಟ್ಟಿದರು. ಗಿಲಾವು ಬೇಡ ಎಂದದ್ದು ಮುಖ್ಯವಾಗಿ ಗಿಲಾವಿನ ದುಡ್ಡು ಉಳಿಯಲಿ ಎಂದು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅಸ್ತ್ರ ಒಲೆ ನಮ್ಮ ತಾಯಂದಿರಿಗೆ ನೆನಪಿರಬಹುದು. ಅದೇ ಕೇಂದ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳದ ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಹಳ್ಳಿಗಾಗಿ ಹುಟ್ಟಿದ ವಿಜ್ಞಾನ ಅದು. ಇಂದು ಆ ಇಟ್ಟಿಗೆಯ ಮನೆಗಳನ್ನು ನೋಡಬೇಕೆಂದರೆ ನೀವು ಬೆಂಗಳೂರಿನ ಹೊರವಲಯದ ಬಂಗಲೆಗಳಿಗೆ, ಕೊಡಗು ಚಿಕ್ಕಮಗಳೂರಿನ ರೆಸಾರ್ಟುಗಳಿಗೆ ಹೋಗಬೇಕು. ಆಶ್ರಯ ಮನೆಗಳ ಸಾಲಿನಲ್ಲಿ ನಿಮಗೆ ಸಿಗುವುದು ಹಾಲೋ ಬ್ಲಾಕ್. ಬೇಸಿಗೆಯಲ್ಲಿ ರಾಯಚೂರು ಕಲಬುರಗಿಯ ಕಡೆ ಅಂಥ ಮನೆಯ ಆರ್‌ಸಿಸಿ ತಾರಸಿಯ ಕೆಳಗೆ ಒಂದು ಮಧ್ಯಾಹ್ನ ಕಳೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಯಾಕೆ ಹೀಗಾಯಿತು? ಒಂದು ಕಾರಣ ಭಾಷೆಯಲ್ಲೇ ಇದೆ. ಕಚ್ಚಾ ಮತ್ತು ಪಕ್ಕಾ ಎಂಬ ಎರಡು ಪದಗಳನ್ನು ಉರ್ದು ಬಲ್ಲವರು ಅಡುಗೆಮನೆಯಲ್ಲಿ ಬಳಸುತ್ತಾರೆ. ಬೇಯದ್ದು ಕಚ್ಚಾ, ಬೆಂದದ್ದು ಪಕ್ಕಾ. ಸರ್ಕಾರ ಇವೇ ಪದಗಳಿಂದ ಮನೆಗಳನ್ನು ಅಳೆಯುತ್ತದೆ. ಮಣ್ಣಿನ ಗೋಡೆ, ಸುಡದ ಇಟ್ಟಿಗೆ ಲೆಕ್ಕದಲ್ಲಿ ಕಚ್ಚಾ. ಸುಟ್ಟ ಇಟ್ಟಿಗೆ, ಸಿಮೆಂಟು ಪಕ್ಕಾ. ಬಡವನ ಮನೆ ಪಕ್ಕಾ ಆಗಬೇಕು, ಅದೇ ಯೋಜನೆಯ ಗುರಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಕನಿಷ್ಠ 25 ಚದರ ಮೀಟರ್ ಮನೆಗೆ ಬಯಲು ಪ್ರದೇಶದಲ್ಲಿ 1 ಲಕ್ಷ 20 ಸಾವಿರ ರೂಪಾಯಿ ನೆರವು ಗೊತ್ತುಮಾಡಿತು. ಸ್ಥಳೀಯ ಸಾಮಗ್ರಿಗೆ ಕಾಗದದ ಮೇಲೆ ಜಾಗ ಇಲ್ಲವೆಂದಲ್ಲ. ಆದರೆ ಕಂತು ಬಿಡುಗಡೆಯಾಗಬೇಕಲ್ಲ! ನಮ್ಮ ರಾಜ್ಯದಲ್ಲಿ 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಪದ್ಧತಿಯಂತೆ ತಳಪಾಯ, ಕಿಟಕಿ ಮಟ್ಟ, ಛಾವಣಿ ಎಂದು ಹಂತಹಂತವಾಗಿ ಜಿಪಿಎಸ್ ಫೋಟೋ ತೆಗೆದ ಮೇಲೆ ದುಡ್ಡು. ಮನೆಯ ಮುಂದೆ ಫಲಾನುಭವಿ ನಿಂತಿರಬೇಕು. ಪಂಚಾಯ್ತಿಯವರಿಗೆ ಗೊತ್ತಿರದ ಗೋಡೆ ಕಟ್ಟಿ ಕಂತು ನಿಲ್ಲಿಸಿಕೊಳ್ಳುವ ಧೈರ್ಯ ಯಾವ ವಿಧವೆಗಿದೆ? ಮನೆಯ ಮುಂದೆ ಮನುಷ್ಯರಿರುವ ಫೋಟೋ ಅದೊಂದೇ. ಅದು ಯಾವ ವಿನ್ಯಾಸ ಪತ್ರಿಕೆಯಲ್ಲೂ ಬರುವುದಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು. ಕರಾವಳಿಯಿಂದ ಜಿದ್ದಾಕ್ಕೆ ಹೋಗಿ ಇಪ್ಪತ್ತು ವರ್ಷ ದುಡಿದವರು ಊರಿಗೆ ಬಂದು ಕಟ್ಟುವ ಮನೆಗೆ ಎದುರಿಗೆ ನೀಲಿ ಗಾಜು, ರೋಮನ್ ಕಂಬ, ಕೋಣೆ ಕೋಣೆಗೆ ಎಸಿ. ಅದೇ ಜಿದ್ದಾದ ಹಳೆಯ ಪೇಟೆಯಲ್ಲಿ ಹವಳದ ಕಲ್ಲಿನ ಗೋಡೆಗೆ ತೇಗದ ಜಾಲರಿ ಗವಾಕ್ಷಿ ಇಟ್ಟ ಮನೆಗಳಿವೆ. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನದು ಕಾಣದು, ಗಾಳಿಗೆ ಮಾತ್ರ ಎರಡೂ ಕಡೆ ದಾರಿ. ಅದಕ್ಕೆ ತೇಗ ಹೋದದ್ದು ಹಡಗಿನಲ್ಲಿ ನಮ್ಮ ದಿಕ್ಕಿನಿಂದ. 2014ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಷಾದ ನೆಪದಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಹೆಂಗಸರನ್ನು ಟ್ಯೂಬ್‌ಲೈಟಿನ ಕೆಳಗೆ ಕೂರಿಸುವವರು ಆ ಜಾಲರಿಯನ್ನೊಮ್ಮೆ ನೋಡಿ ಬರಬಹುದಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ. ‘ಬಡವರೇ ಮಣ್ಣಿನ ಮನೆ ಬೇಡ ಅಂತಾರಲ್ರೀ?’ ನಿಜ, ಬೇಡ ಅನ್ನುತ್ತಾರೆ. ಅನ್ನಬೇಕು ಕೂಡ. ಪ್ರತಿ ಮಳೆಗೆ ಕುಸಿಯುವ ಗೋಡೆಯನ್ನು ಪ್ರತಿ ಬೇಸಿಗೆಯಲ್ಲಿ ಮೆತ್ತುವವಳು ಹೆಂಗಸು. ಮಣ್ಣಿನ ಮನೆಗೆ ಹೆಣ್ಣು ಕೊಡುವವರಿಲ್ಲ. ಬಂಗಲೆಯವರಿಗೆ ಮಣ್ಣು ಆಯ್ಕೆ, ಇವರಿಗೆ ಅದು ಗುರುತು. ಒತ್ತಿದ ಮಣ್ಣಿನ ಇಟ್ಟಿಗೆ ಬೇರೆ, ಮೆತ್ತಿದ ಗೋಡೆ ಬೇರೆ ಎಂದು ಹೇಳಿದರಷ್ಟೇ ಸಾಲದು. ಕೇಳದೆ ಕೊಟ್ಟ ಒಳ್ಳೆಯದನ್ನೂ ಜನ ಒಲ್ಲೆ ಅನ್ನುತ್ತಾರೆ.

ಈಜಿಪ್ಟಿನ ಹಸನ್ ಫಥಿ ಇದನ್ನು ಅನುಭವಿಸಿದವರು. ಲಕ್ಸರ್ ಬಳಿ ಪ್ರಾಚೀನ ಗೋರಿಗಳ ಮೇಲೆ ಮನೆ ಮಾಡಿಕೊಂಡಿದ್ದ ಗುರ್ನಾ ಊರಿನವರನ್ನು ಎಬ್ಬಿಸಿ ಹೊಸ ಊರಿಗೆ ಕಳಿಸಲು ಸರ್ಕಾರ 1940ರ ದಶಕದ ನಡುವೆ ಅವರಿಗೆ ಕೆಲಸ ಒಪ್ಪಿಸಿತು. ಅಸ್ವಾನ್ ಕಡೆಯ ನೂಬಿಯನ್ ಮೇಸ್ತ್ರಿಗಳು ಮರದ ಸೆಂಟ್ರಿಂಗ್ ಇಲ್ಲದೆ ಹಸಿ ಇಟ್ಟಿಗೆಯಲ್ಲಿ ಕಮಾನು ಕಟ್ಟುವುದನ್ನು ಕಂಡಿದ್ದ ಫಥಿ, ಅವರನ್ನೇ ಕರೆತಂದು ಅಂಗಳ, ಗುಂಬಜ್, ಮಸೀದಿ, ಪೇಟೆ, ರಂಗಮಂದಿರವಿರುವ ಅಪರೂಪದ ಊರು ಕಟ್ಟತೊಡಗಿದರು. ಗುರ್ನಾದವರು ಬರಲೊಲ್ಲರು. ಅವರ ಸಂಪಾದನೆ ಇದ್ದದ್ದು ಹಳೆಯ ಜಾಗದಲ್ಲಿ. ಮೇಲಾಗಿ ಆ ಸೀಮೆಯವರಿಗೆ ಗುಂಬಜ್ ಎಂದರೆ ಗೋರಿಯ ಲಕ್ಷಣ ಎಂದು ಟೀಕಾಕಾರರು ಬರೆದಿದ್ದಾರೆ. ಊರು ಪೂರ್ತಿಯಾಗಲಿಲ್ಲ. 1980ರಲ್ಲಿ ಫಥಿಯವರಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಗೌರವ ಸಂದಿತು. ಅದೇ ವರ್ಷ ಅವರ ಶಿಷ್ಯ ಅಬ್ದುಲ್ ವಾಹಿದ್ ಅಲ್ ವಕೀಲ್ ಅವರಿಗೂ ಪ್ರಶಸ್ತಿ ಬಂತು, ಸಮುದ್ರ ತೀರದ ಅಗಾಮಿಯಲ್ಲಿ ಕಟ್ಟಿದ ಒಂದು ರಜಾಮನೆಗಾಗಿ. ಗುರು ಬಡವರಿಗೆಂದು ಕಲಿತದ್ದು ಒಂದೇ ತಲೆಮಾರಿನಲ್ಲಿ ಎಲ್ಲಿಗೆ ತಲುಪಿತು ನೋಡಿ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಇಂದೋರಿನ ಅರಣ್ಯ ಬಡಾವಣೆಯನ್ನು 1980ರ ದಶಕದಲ್ಲಿ ಬಿ.ವಿ. ದೋಶಿ ರೂಪಿಸಿದರು. ಸುಮಾರು 6,500 ನಿವೇಶನಗಳು. ಅತಿ ಬಡವರಿಗೆ ಸುಮಾರು 35 ಚದರ ಮೀಟರಿನದು. ಕೊಟ್ಟದ್ದು ಒಂದು ಅಡಿಪಾಯ, ನಲ್ಲಿ, ಪಾಯಿಖಾನೆ, ಕೆಲವರಿಗೆ ಒಂದು ಕೋಣೆ. ಹೇಗೆ ಬೆಳೆಸಬಹುದೆಂದು ತೋರಿಸಲು 80 ಮಾದರಿ ಮನೆಗಳನ್ನು ಕಟ್ಟಿದರು. ಉಳಿದದ್ದನ್ನು ಜನ ತಮಗೆ ದುಡ್ಡು ಬಂದಂತೆ, ಮಗನ ಮದುವೆಯಾದಂತೆ ಕಟ್ಟಿಕೊಂಡರು. ಬೀದಿಗೆ ಚಾಚಿದ ಮೆಟ್ಟಿಲು, ಅಂಗಡಿಯಾದ ಪಡಸಾಲೆ, ಗಾಢ ಬಣ್ಣಗಳು. ಯಾವ ಬಣ್ಣ ಎಂದು ಯಾರೂ ಅವರಿಗೆ ಹೇಳಿಕೊಡಲಿಲ್ಲ. 1995ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ ಬಂತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್. 2023ರಲ್ಲಿ ಅವರು ತೀರಿಕೊಂಡಾಗ ವಿನ್ಯಾಸಪ್ರಿಯರು ಎಲ್ಲೆಡೆ ಶ್ರದ್ಧಾಂಜಲಿ ಬರೆದರು. ಬರೆದವರು ತಮ್ಮ ಊರಿನಲ್ಲೊಂದು ಅರಣ್ಯ ಯಾಕಿಲ್ಲ ಎಂದು ಕೇಳಿದ್ದನ್ನು ನಾನು ಓದಲಿಲ್ಲ.

ಈಗಲೂ ಕೇಳಬಹುದು. ತಾಲ್ಲೂಕಿಗೊಂದು ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರ, ಗಾರೆಯವರಿಗೆ ಅದನ್ನು ಬಳಸುವ ತರಬೇತಿ, ಕಂತಿನ ನಿಯಮದಲ್ಲಿ ಅಂಥ ಗೋಡೆಗೆ ಹೆಸರಿಟ್ಟು ಒಪ್ಪಿಗೆ, ಫಲಾನುಭವಿಗೆ ತನ್ನ ಮನೆಯ ನಕ್ಷೆಯ ಬಗ್ಗೆ ಮಾತಾಡುವ ಅವಕಾಶ. ಚಂಡೀಗಢದ ಒಂದು ಕುರ್ಚಿಯ ಬೆಲೆಯಲ್ಲಿ ಇದರ ಬಹುಪಾಲು ಶುರುವಾಗುತ್ತದೆ. ಬಲ್ಲವರು, ಮಣ್ಣಿನ ಮನೆಯಲ್ಲಿ ವಾಸಿಸಿ ಅದರ ತಂಪು ಉಂಡವರು, ತಮ್ಮ ಊರಿನ ಪಂಚಾಯ್ತಿಗೆ ಹೋಗಿ ಈ ವರ್ಷ ಮಂಜೂರಾದ ಮನೆಗಳ ನಕ್ಷೆಯನ್ನು ಕೇಳಿ ನೋಡಲಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ ಹತ್ತು ರೂಪಾಯಿ.