ಒಲೆ ಮುಂದಿನ ಹನ್ನೆರಡು ಫೋಟೋ

ನಮ್ಮವ್ವ ರೊಟ್ಟಿ ಬಡಿಯುವಾಗ ಕ್ಯಾಮೆರಾ ಹಿಡಿದು ಹೋದರೆ ಮೊದಲು ಬೈಗುಳ. ‘ಇದೇನ್ ಹೊಡೀತೀಯೋ, ಸೀರಿ ಹೆಂಗೈತಿ ನೋಡು. ತಡಿ, ಬ್ಯಾರೇದು ಉಟ್ಕಂಡು ಬರ್ತೀನಿ.’ ಉಟ್ಟುಕೊಂಡು ಬಂದರೆ ಕೆಲಸ ಕೆಟ್ಟಿತು. ಗೋಡೆಗೆ ಆತು, ಕೈ ಕಟ್ಟಿ, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತಂತೆ ನಿಲ್ಲುತ್ತಾಳೆ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ.

ಹೂವಿನಹಡಗಲಿ ತಾಲ್ಲೂಕಿನ ಹೊಳಲು ನಮ್ಮೂರು. ನನ್ನ ಕ್ಯಾಮೆರಾ ಸೋದರಮಾವನ ಸ್ಟುಡಿಯೋದಿಂದ ಬಂದ ಯಾಷಿಕಾ ಮ್ಯಾಟ್ 124ಜಿ. ಮಾವ ಅದನ್ನು ‘ಒನ್‌ಟ್ವೆಂಟಿ’ ಎನ್ನುತ್ತಿದ್ದ; ಮೀಡಿಯಂ ಫಾರ್ಮ್ಯಾಟ್ ಎಂಬ ದೊಡ್ಡ ಹೆಸರು ನನಗೆ ತಿಳಿದದ್ದು ಆಮೇಲೆ. ಕೊಡಾಕ್ ಕಂಪನಿ 1901ರಲ್ಲಿ ತಂದ 120 ರೀಲು ಇವತ್ತಿಗೂ ಸಿಗುತ್ತದೆ. ಈ ಕ್ಯಾಮೆರಾದಲ್ಲಿ ಸುಮಾರು ಆರು ಸೆಂಟಿಮೀಟರ್ ಚೌಕದ ನೆಗೆಟಿವ್, ಒಂದು ರೀಲಿಗೆ ಹನ್ನೆರಡೇ ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲು ಮಾವನ ಕಪಾಟಿನಲ್ಲಿ ಸಾಲಾಗಿ ಇರುತ್ತಿತ್ತು. ಈಗ ಹೊರಗಿನಿಂದ ತರಿಸಬೇಕು. ತೊಳೆಯುವ ಖರ್ಚೂ ಸೇರಿದರೆ ರೀಲಿಗೆ ಸಾವಿರ ದಾಟುತ್ತದೆ. ಅದನ್ನು ಒಲೆ, ಮೊರ, ಹಿತ್ತಲಿನ ಎಮ್ಮೆಗೆ ಸುರಿಯುತ್ತೇನೆಂದರೆ ಓಣಿಯವರಿಗೆ ನಗು.

ನನ್ನ ತಕರಾರು ಇರುವುದೂ ಅಲ್ಲೇ. ದುಡ್ಡು ಖರ್ಚು ಮಾಡಿ ತೆಗೆಸುವ ಫೋಟೋ ಎಂದರೆ ನಮಗೆ ಮದುವೆ, ಜಾತ್ರೆ, ಗುಡಿ. ಅನಂತಶಯನನನ್ನು ನೋಡಲು ನಮ್ಮೂರಿಗೆ ಬಂದವರು ದೇವರನ್ನು ಹೊಡೆಯುತ್ತಾರೆ, ತಮ್ಮನ್ನು ಹೊಡೆದುಕೊಳ್ಳುತ್ತಾರೆ, ಹೋಗುತ್ತಾರೆ. ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಎಲ್ಲರ ಮೊಬೈಲಿನಲ್ಲೂ ಇವೆ. ಸುಗ್ಗಿಯಲ್ಲಿ ಡಾಂಬರು ರಸ್ತೆ ಮೇಲೆ ಮೆಕ್ಕೆಜೋಳ ಹರವಿ, ಕಾಲಲ್ಲೇ ಸಾಲು ಎಳೆಯುತ್ತಾ ನಡೆಯುವ ಹೆಂಗಸು ಯಾರ ಆಲ್ಬಮ್ಮಿನಲ್ಲಿದ್ದಾಳೆ? ನಸುಕಿನಲ್ಲೇ ಹಡಗಲಿ ಮಲ್ಲಿಗೆಯ ಮೊಗ್ಗು ಬಿಡಿಸುವ ಬೆರಳುಗಳು?

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಕಲ್ಲಿನ ಕಂಬ ಎಷ್ಟು ವಾಲಿದೆ, ಯಾವುದು ಬಿದ್ದಿದೆ ಎಂದು ಈಗ ಅಳೆದು ಹೇಳಬಹುದು. ನಮ್ಮಜ್ಜಿಯ ಅಡುಗೆಮನೆ ಹೇಗಿತ್ತು ಎಂದರೆ ಅಳೆಯುವುದಿರಲಿ, ಒಲೆ ಯಾವ ಮೂಲೆಗಿತ್ತು ಎಂಬುದಕ್ಕೇ ಮನೆಯಲ್ಲಿ ಎರಡು ಅಭಿಪ್ರಾಯ.

ನನ್ನ ಯಾಷಿಕಾಕ್ಕೆ ಒಂದು ಗುಣವಿದೆ. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡ ಬಲ ಅದಲುಬದಲು. ಅವ್ವ ಎಡಕ್ಕೆ ವಾಲಿದರೆ ಗಾಜಿನಲ್ಲಿ ಬಲಕ್ಕೆ ಸರಿಯುತ್ತಾಳೆ. ಮುಖಕ್ಕೆ ಏನನ್ನೂ ಗುರಿ ಇಡುವುದಿಲ್ಲವಾದ್ದರಿಂದ ಎದುರಿನವರು ಸ್ವಲ್ಪ ಹೊತ್ತಿಗೆ ನಮ್ಮನ್ನು ಮರೆಯುತ್ತಾರೆ. ಏನೋ ಡಬ್ಬಿ ರಿಪೇರಿ ಮಾಡ್ತಿದಾನೆ ಅಂತ ಅವ್ವ ತನ್ನ ಪಾಡಿಗೆ ಹಿಟ್ಟು ನಾದುತ್ತಾಳೆ. ಅಡುಗೆಮನೆಗೆ ಬೆಳಕು ಬರುವುದು ಒಂದೇ ಬೆಳಕಿಂಡಿಯಿಂದ. ಲೆನ್ಸ್ ಪೂರ್ತಿ ತೆರೆದು, ಅಂದರೆ 3.5ಕ್ಕೆ ಇಟ್ಟು, ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಶಟರ್ ತಿರುಗಿಸಿ, ಬಾಗಿಲ ಚೌಕಟ್ಟಿಗೆ ಭುಜ ಒತ್ತಿ, ಉಸಿರು ಹಿಡಿಯುತ್ತೇನೆ. ನೆಗೆಟಿವ್‌ನಲ್ಲಿ ಮುಖ, ಹೆಂಚು, ನೀರಿನ ಬಟ್ಟಲು ನಿಚ್ಚಳ. ಬಡಿಯುವ ಕೈ ಮಾತ್ರ ಮಂಜು. ನನಗೆ ಆ ಮಂಜೇ ಬೇಕು.

ತೊಳೆಯುವುದು ನಾನೇ, ಬಚ್ಚಲಿನಲ್ಲಿ. ಡೆವಲಪರ್ 20 ಡಿಗ್ರಿ ಇರಬೇಕು. ಮೇ ತಿಂಗಳಲ್ಲಿ ನಮ್ಮ ನಲ್ಲಿ ನೀರೇ ಕೈ ಸುಡುತ್ತದೆ. ಒಮ್ಮೆ ಮಣ್ಣಿನ ಗಡಿಗೆಯ ತಂಪನ್ನೇ ನಂಬಿ ಥರ್ಮಾಮೀಟರ್ ನೋಡದೆ ಸುರಿದೆ. ಹನ್ನೆರಡೂ ಇದ್ದಿಲಿನಂತೆ ಕಪ್ಪು. ಮೊಬೈಲು ಬೇಡ ಎನ್ನುವ ಹಟ ನನಗಿಲ್ಲ. ಆದರೆ ಮಗಳ ಮೊದಲ ಮೂರು ವರ್ಷದ ಫೋಟೋಗಳಿದ್ದ ಮೊಬೈಲು ನನ್ನ ಕೈಯಿಂದಲೇ ನೀರಿನ ತೊಟ್ಟಿಗೆ ಬಿತ್ತು. ಮಾವನ ಹಳೇ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಚೆನ್ನಾಗಿವೆ.

ಊರೂರಲ್ಲಿ ಮುಚ್ಚಿದ ಸ್ಟುಡಿಯೋಗಳ ಇಂಥ ಡಬ್ಬಿಗಳು ಗುಜರಿಗೆ ಹೋಗುತ್ತಿವೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅವಕ್ಕೊಂದು ಬೀರು ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಹೋದ ವಾರ ರೊಟ್ಟಿಯ ಫೋಟೋ ಪ್ರಿಂಟ್ ಹಾಕಿಸಿ ಅವ್ವನ ಕೈಗಿಟ್ಟೆ. ತನ್ನ ಮುಖ ನೋಡಲೇ ಇಲ್ಲ. ಕನ್ನಡಕ ಏರಿಸಿ, ಮೂಲೆಯಲ್ಲಿ ಗೋಡೆಗೆ ಒರಗಿದ್ದ ಮೊರದ ಮೇಲೆ ಬೆರಳಿಟ್ಟಳು. ‘ಇದು ನಮ್ಮವ್ವ ಕೊಟ್ಟಿದ್ದು ನೋಡು. ಎಲ್ಲಿ ಹೋತಿದು?’ ಎಂದು ಎದ್ದು ಅಟ್ಟದ ಕಡೆ ನಡೆದಳು.