ಏರಿಸಿ ಇಳಿಸುವ ಶಾಕ್ ನಮಗೆ ಬೇಕೆ?

ಒಂದು ತಿಂಗಳಿಂದ ನಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಇದೇ ಚರ್ಚೆ. ಗೇರ್ ಸೈಕಲ್ ಕೊಂಡರೆ 'ಅಡ್ಜಸ್ಟ್ ಆಗೋ ಶಾಕ್' ಇರುವುದನ್ನೇ ಕೊಳ್ಳಬೇಕು ಎನ್ನುವವರು ಹೆಚ್ಚು. ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ಎರಡು ವರ್ಷದ ಈದಿ ಕೂಡಿಟ್ಟು 14,500 ರೂಪಾಯಿ ಆಗಿತ್ತು. ಅಬ್ಬಾ 7,500 ಸೇರಿಸಲು ಒಪ್ಪಿದ್ದರು. ಒಟ್ಟು 22,000. ಸರಿಯಾಗಿ ಅಷ್ಟಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಸಿಗುವುದಿತ್ತು. ಅದರ ಮುಂದಿನ ಫೋರ್ಕ್ ತಿರುಪಿದರೆ 130 ಮಿ.ಮೀ.ನಿಂದ 100ಕ್ಕೆ ಇಳಿಯುತ್ತಿತ್ತು. ನಾನು ಅದನ್ನು ಕೊಳ್ಳಲಿಲ್ಲ. ಏಕೆಂದು ಎಷ್ಟೋ ಜನ ಕೇಳಿದರು, ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಟ್ರಾವೆಲ್ ಎಂದರೆ ಗುಂಡಿಗೆ ಬಿದ್ದಾಗ ಫೋರ್ಕ್ ಎಷ್ಟು ಒಳಗೆ ಕುಸಿಯಬಲ್ಲದು ಎಂಬ ಅಳತೆ. ಅಂಗಡಿಯಲ್ಲಿ ಫೋರ್ಕಿನ ತಲೆಯ ಮೇಲಿನ ತಿರುಪು ತೋರಿಸಿ 'ಇದು ಅಡ್ಜಸ್ಟಬಲ್' ಎಂದು ಹೇಳುತ್ತಾರಲ್ಲ, ಬಹಳ ಸಲ ಅದಕ್ಕೂ ಟ್ರಾವೆಲ್‌ಗೂ ಸಂಬಂಧವಿಲ್ಲ. ಪ್ಲಸ್ ಮೈನಸ್ ಗುರುತಿನ ತಿರುಪು ಪ್ರೀಲೋಡ್; ಅದು ಒಳಗಿನ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಇಡುತ್ತದೆ, ಅಷ್ಟೇ. ಇನ್ನೊಂದು ಲಾಕ್‌ಔಟ್; ಅದು ಫೋರ್ಕ್ ಕುಸಿಯದಂತೆ ಹಿಡಿಯುತ್ತದೆ. ನಿಜವಾಗಿ ಟ್ರಾವೆಲ್ ಬದಲಾಗುವ ಫೋರ್ಕಿನಲ್ಲಿ ಫೋರ್ಕಿನ ಎತ್ತರವೇ ಕಡಿಮೆಯಾಗುತ್ತದೆ, ಸೈಕಲ್ಲಿನ ಮೂತಿ ಕೆಳಗೆ ಬರುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಶಾಕ್ ಇರುವ ಸೈಕಲ್ ಹನ್ನೊಂದು. ಟ್ರಾವೆಲ್ ಬದಲಾಗುವುದು ಒಂದೂ ಇರಲಿಲ್ಲ. ತಮ್ಮದು ಅಡ್ಜಸ್ಟಬಲ್ ಎಂದು ನಂಬಿದವರು ಮಾತ್ರ ಏಳು ಜನ!

ಮೂತಿ ಕೆಳಗೆ ಬಂದರೆ ಲಾಭವೇನು? ಕಡಿದಾದ ಏರು ಹತ್ತುವಾಗ ಮುಂದಿನ ಚಕ್ರ ನೆಲ ಬಿಟ್ಟು ಏಳುವುದಿಲ್ಲ, ಸವಾರನ ಭಾರ ಮುಂದಕ್ಕೆ ಬರುತ್ತದೆ. ಮೇಲೆ ಹೋದ ಮೇಲೆ ಮತ್ತೆ ತಿರುಪಿ ಉದ್ದ ಮಾಡಿಕೊಂಡರೆ ಇಳಿಜಾರಿನಲ್ಲಿ ಧೈರ್ಯವಾಗಿ ಇಳಿಯಬಹುದು. ಅಂದರೆ ಒಂದೇ ಸವಾರಿಯಲ್ಲಿ ಅರ್ಧ ಗಂಟೆ ಏರು, ಆಮೇಲೆ ಕಲ್ಲಿನ ಇಳಿಜಾರು ಇರುವವರಿಗೆ ಮಾಡಿದ ವಸ್ತು ಇದು. ನನ್ನ ಕಾಲೇಜಿನ ದಾರಿಯಲ್ಲಿರುವ ದೊಡ್ಡ ಏರು ರೈಲ್ವೆ ಮೇಲ್ಸೇತುವೆ. ಬಳ್ಳಾರಿ ಗುಡ್ಡಕ್ಕೆ ಮೆಟ್ಟಿಲಿದೆ, ಸೈಕಲ್ಲಿಗಲ್ಲ.

ಬಾಯಿ ಮಾತು ಬೇಡವೆಂದು ಅಳೆದು ನೋಡಿದೆ. ಗೆಳೆಯನ 100 ಮಿ.ಮೀ. ಫೋರ್ಕಿನ ಸೈಕಲ್ ಎರಡು ಭಾನುವಾರ ಕೇಳಿ ಪಡೆದೆ. ಫೋರ್ಕಿನ ಹೊಳೆಯುವ ನಳಿಕೆಗೆ, ಕೆಳಗಿನ ರಬ್ಬರ್ ಸೀಲಿಗೆ ತಾಗುವಂತೆ, ಒಂದು ದಾರ ಬಿಗಿಯಾಗಿ ಕಟ್ಟಿದೆ. ಫೋರ್ಕ್ ಕುಸಿದಷ್ಟು ದಾರ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಸ್ಕೇಲ್ ಇಟ್ಟು ಅಳೆದರಾಯಿತು. ಕುರುಗೋಡಿಗೆ ಸುಮಾರು 28 ಕಿ.ಮೀ. ಡಾಂಬರು ದಾರಿಯಲ್ಲಿ ಹೋದಾಗ, ಹಂಪ್‌ಗಳೆಲ್ಲ ಸೇರಿ, ದಾರ ನಿಂತದ್ದು 41 ಮಿ.ಮೀ.ಗೆ. ಅಲ್ಲಿ ಬೆಟ್ಟದ ಬುಡದ ಕಲ್ಲು ದಾರಿಯಲ್ಲಿ ಬೇಕೆಂದೇ ಜೋರಾಗಿ ಬಿಟ್ಟೆ, 68 ಆಯಿತು. ಮುಂದಿನ ವಾರ ಮಾಮೂ ಅವರ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಸಿರುಗುಪ್ಪದ ನಾನಿ ಮನೆಗೆ ಹೋದೆ. ಅಲ್ಲಿ ಭತ್ತದ ಗದ್ದೆಗಳ ನಡುವಿನ ರಸ್ತೆಯನ್ನು ಟ್ರ್ಯಾಕ್ಟರಿನ ಕೇಜ್ ವೀಲ್ ಉತ್ತು ಹಾಕಿರುತ್ತದೆ, ನೋಡಿದವರಿಗೆ ಗೊತ್ತು. ಅದರ ಮೇಲೆ 74. ನಾನಿರುವುದು 51 ಕೆ.ಜಿ. ಮಾತ್ರ ಎಂಬುದೂ ನಿಜ, ಭಾರದವರಿಗೆ ಇನ್ನಷ್ಟು ಹೋಗಬಹುದು. ಆದರೂ 100 ಮುಗಿಯಲಿಲ್ಲ. 130 ಯಾರಿಗೆ? ಇನ್ನು ಮಳೆ ಬಂದ ದಿನ ಎರೆಮಣ್ಣು ಟೈರಿಗೂ ಫೋರ್ಕಿಗೂ ನಡುವೆ ತುಂಬಿಕೊಂಡರೆ ಯಾವ ಟ್ರಾವೆಲ್ಲೂ ಇಲ್ಲ, ಸೈಕಲ್ಲೇ ನಮ್ಮ ಹೆಗಲ ಮೇಲೆ ಟ್ರಾವೆಲ್ ಮಾಡುತ್ತದೆ.

1990ರಲ್ಲಿ ಅಮೆರಿಕದ ದುರಾಂಗೊದಲ್ಲಿ ಮೌಂಟನ್ ಬೈಕಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಡೌನ್‌ಹಿಲ್ ಗೆದ್ದ ಗ್ರೆಗ್ ಹರ್ಬೋಲ್ಡ್ ಅವರ ಸೈಕಲ್ಲಿನಲ್ಲಿದ್ದದ್ದು ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್. ಅದರ ಟ್ರಾವೆಲ್ 50 ಮಿ.ಮೀ. ಆಸುಪಾಸು. ಅಷ್ಟರಲ್ಲಿ ಅವರು ಬೆಟ್ಟ ಇಳಿದು ವಿಶ್ವ ಚಾಂಪಿಯನ್ ಆದರು. ನಾವು ಟ್ಯೂಷನ್‌ಗೆ ಹೋಗಲು 130 ಕೇಳುತ್ತಿದ್ದೇವೆ.

ಈಗ ಲೆಕ್ಕ, ಏಕೆಂದರೆ ನಾನು ಕಾಮರ್ಸ್ ವಿದ್ಯಾರ್ಥಿ. ಕೊಂಡ ದಿನದ ಬೆಲೆ ಮಾತ್ರ ವೆಚ್ಚವಲ್ಲ, ನಿರ್ವಹಣೆಯೂ ವೆಚ್ಚವೇ ಎಂದು ನಾವು ಓದಿದ್ದೇವೆ. ಗಾಳಿ ತುಂಬುವ ಒಳ್ಳೆಯ ಫೋರ್ಕ್‌ಗಳನ್ನು ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಭಾಗ ಬಿಚ್ಚಿ, ಒರೆಸಿ, ಎಣ್ಣೆ ಬದಲಿಸಿ ಎನ್ನುತ್ತಾರೆ ತಯಾರಕರು. ಹೋಗಿ ಬರಲು ದಿನಕ್ಕೆ ಒಂದು ಗಂಟೆ ಎಂದರೆ, ಎರಡು ತಿಂಗಳಿಗೆ ಒಂದು ಸಲ. ನಮ್ಮ ಧೂಳಿನಲ್ಲಿ ಅದನ್ನು ತಪ್ಪಿಸಿದರೆ ನಳಿಕೆ ಗೀರು ಬೀಳುತ್ತದೆ. ಟ್ರಾವೆಲ್ ಬದಲಾಗುವ ಫೋರ್ಕಿನಲ್ಲಿ ಒಳಗೆ ಇನ್ನೂ ಹೆಚ್ಚು ಸೀಲು, ಹೆಚ್ಚು ಭಾಗ, ಹೆಚ್ಚು ತೂಕ. ನಾನು ಕೇಳಿದ ಮೆಕ್ಯಾನಿಕ್ ಒಬ್ಬರು 'ಸಾಮಾನು ಬೆಂಗಳೂರಿಂದ ಬರಬೇಕು, ಬಿಚ್ಚೋದು ನಾನಂತೂ ಬಿಚ್ಚಲ್ಲ' ಎಂದು ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಮಾತಿದೆ. ನನಗೆ ಅದು ಪುಸ್ತಕದಲ್ಲಿ ಅರ್ಥವಾಗಿರಲಿಲ್ಲ, ಮನೆಯಲ್ಲಿ ಆಯಿತು. ನನ್ನ ತಂಗಿ ಒಂಬತ್ತನೇ ತರಗತಿ. ಅವಳ ಶಾಲೆ ಮೂರು ಕಿ.ಮೀ. ದೂರ, ನಡೆದೇ ಹೋಗುತ್ತಾಳೆ. ಆಪಾ ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರಿ ಸೈಕಲ್ ಸಿಕ್ಕಿತ್ತು, 2006-07ರಲ್ಲಿ ಶುರುವಾದ ಆ ಯೋಜನೆಯದು. ಕೊರೊನಾ ಬಂದ ಮೇಲೆ ಅದು ನಿಂತಿತು, ತಂಗಿಗೆ ಸಿಗಲಿಲ್ಲ. ಆಪಾಳ ಸೈಕಲ್ಲಿಗೆ ಶಾಕೂ ಇಲ್ಲ, ಗೇರೂ ಇಲ್ಲ. ಅವಳು ಮದುವೆಯಾಗಿ ಹೋದ ಊರಿನಲ್ಲಿ ಅದು ಇವತ್ತಿಗೂ ಓಡುತ್ತಿದೆ. 22,000ವನ್ನೂ ಒಂದೇ ಫೋರ್ಕಿನ ಆಸೆಗೆ ಹಾಕಿದ್ದರೆ ತಂಗಿ ಇನ್ನೂ ಎರಡು ವರ್ಷ ನಡೆಯುತ್ತಿದ್ದಳು. ಅವಳು ಬಾಯಿಬಿಟ್ಟು ಏನೂ ಕೇಳಲಿಲ್ಲ. ಅಬ್ಬಾ ಕೂಡ 'ದುಡ್ಡು ನಿಂದು, ಯೋಚನೆ ಮಾಡು' ಎಂದಷ್ಟೇ ಹೇಳಿದರು. ಹಾಗೆ ಹೇಳಿದಾಗಲೇ ಕಷ್ಟ.

ನಾನು ಹೇಳಿದ್ದು ಎಲ್ಲರಿಗೂ ಹೊಂದುತ್ತದೆ ಎಂದಲ್ಲ. ಸಂಡೂರಿನ ಬೆಟ್ಟಗಳಲ್ಲಿ ವಾರವಾರ ಹತ್ತಿ ಇಳಿಯುವವರಿದ್ದರೆ ಅವರ ಲೆಕ್ಕ ಬೇರೆ. ಆದರೆ ಬೆಟ್ಟದ ಸವಾರರಿಗೆಂದು ಈಗ ಬರುವ ಸೈಕಲ್‌ಗಳಲ್ಲೂ ಹೆಚ್ಚಿನವು ಒಂದೇ ಟ್ರಾವೆಲ್‌ನವು. ಹಿಂದಿನ ಗೇರ್ ಚಕ್ರ ದೊಡ್ಡದು ಮಾಡಿ, ಸೀಟಿನ ಕೋನ ನೆಟ್ಟಗೆ ಮಾಡಿ, ಏರಿನ ಸಮಸ್ಯೆಯನ್ನು ಬೇರೆ ಕಡೆಯಿಂದ ಬಗೆಹರಿಸಿದ್ದಾರೆ. ಶಾಕೇ ಇಲ್ಲದ ಸೈಕಲ್ ಸಾಲದೇ ಎಂದು ನಮ್ಮ ಲೆಕ್ಚರರ್ ಒಬ್ಬರು ಕೇಳಿದರು. ಊರೊಳಗೆ ಸಾಕು ಸರ್. ಸಿರುಗುಪ್ಪದ ಆ ಗದ್ದೆ ರಸ್ತೆ ನೋಡಿದ ಮೇಲೆ ನನ್ನ ಮಣಿಕಟ್ಟು ಒಪ್ಪಲಿಲ್ಲ.

ಕೊನೆಗೆ 15,000ಕ್ಕೆ ಹೊಸದು ತೆಗೆದುಕೊಂಡೆ. 100 ಮಿ.ಮೀ. ಟ್ರಾವೆಲ್, ಬದಲಾಗುವುದಿಲ್ಲ, ಲಾಕ್‌ಔಟ್ ಇದೆ, ಮೇಲ್ಸೇತುವೆ ಹತ್ತುವಾಗ ಹಾಕಿಕೊಳ್ಳುತ್ತೇನೆ. ತಂಗಿಯ ಸೈಕಲ್ಲಿಗೆ 6,000 ಆಯಿತು. ಉಳಿದ ಸಾವಿರದಲ್ಲಿ ಪಂಪ್ ಮತ್ತು ಹಿಂದಿನ ದೀಪ ಎಂದುಕೊಂಡಿದ್ದೆ. ಈಗ ಅವಳಿಗೆ ಮುಂದೆ ಬುಟ್ಟಿಯೂ ಬೇಕಂತೆ.